ಕಾರ್ಖಾನೆ ಬರುವ ಮೊದಲು ಕೈಗಳು ಸಿದ್ಧವಾಗಲಿ

ಕಲಬುರಗಿ: ತೊಗರಿ ರಾಶಿ ಮುಗಿದು ಹೊಲಗಳು ಬರಿದಾಗುತ್ತಿದ್ದಂತೆ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅನೇಕ ಹಳ್ಳಿ, ತಾಂಡಾಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ದುಡಿಯುವ ವಯಸ್ಸಿನವರು ಪುಣೆ, ಮುಂಬೈ, ಸೊಲ್ಲಾಪುರ, ಹೈದರಾಬಾದ್, ಬೆಂಗಳೂರುಗಳತ್ತ ಗುಳೆ ಹೊರಡುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಹೋದವರಿಗೆ ಸಿಗುವುದು ಬಹುಮಟ್ಟಿಗೆ ಕಟ್ಟಡ ಕೆಲಸ, ರಸ್ತೆ ಕಾಮಗಾರಿ, ಹಮಾಲಿ. ಮಳೆ ಬಿದ್ದಾಗ ಮರಳುತ್ತಾರೆ; ಮರುವರ್ಷ ಮತ್ತೆ ಹೊರಡುತ್ತಾರೆ. 2020ರ ಲಾಕ್‌ಡೌನ್ ಅವಧಿಯಲ್ಲಿ ಇವರೆಲ್ಲ ಒಮ್ಮೆಲೇ ಊರಿಗೆ ಮರಳಿದಾಗ ಈ ವಲಸೆಯ ಗಾತ್ರ ಎಷ್ಟೆಂಬುದು ಆಡಳಿತಕ್ಕೂ ಮನವರಿಕೆಯಾಯಿತು.

ಇದೇ ಅವಧಿಯಲ್ಲಿ ರಾಜ್ಯದ ತಾಂತ್ರಿಕ ತರಬೇತಿ ವ್ಯವಸ್ಥೆಗೆ ಹಿಂದೆಂದೂ ಕಾಣದಷ್ಟು ಹಣ ಹರಿದುಬಂದಿದೆ. ರೋಬೊಗಳು, ಕಂಪ್ಯೂಟರ್ ನಿಯಂತ್ರಿತ ಲೇತ್ ಯಂತ್ರಗಳು, ವಿದ್ಯುತ್ ಚಾಲಿತ ವಾಹನಗಳ ದುರಸ್ತಿ ಕಲಿಸುವ ಪ್ರಯೋಗಶಾಲೆಗಳು ಸರ್ಕಾರಿ ಐಟಿಐಗಳಿಗೆ ಬಂದಿವೆ. ಕಲಬುರಗಿಯ ಹೊರವಲಯಕ್ಕೆ ಬೃಹತ್ ಜವಳಿ ಪಾರ್ಕ್ ಮಂಜೂರಾಗಿದೆ. ಒಂದು ಕಡೆ ಕೆಲಸವಿಲ್ಲದ ಕೈಗಳು, ಇನ್ನೊಂದು ಕಡೆ ಕೈಗಳನ್ನು ಹುಡುಕುತ್ತಿರುವ ಉದ್ಯಮ. ಇವೆರಡೂ ಇನ್ನೂ ಒಂದನ್ನೊಂದು ಸಂಧಿಸಿಲ್ಲವೇಕೆ?

ತರಬೇತಿ ಕೇಂದ್ರಗಳ ಕೊರತೆಯೊಂದರಿಂದಲೇ ಇದಕ್ಕೆ ಉತ್ತರ ಸಿಗದು. ತರಬೇತಿಗೆ ಒಳಬರುವ ದಾರಿ ಮತ್ತು ತರಬೇತಿ ಮುಗಿಸಿ ಹೊರಹೋಗುವ ದಾರಿ, ಇವೆರಡೂ ಈ ಮೂರು ತಾಲ್ಲೂಕುಗಳ ಬದುಕಿಗೆ ಹೊಂದುವಂತೆ ರೂಪುಗೊಂಡಿಲ್ಲ ಎಂಬುದೇ ಸಮಸ್ಯೆಯ ತಿರುಳು.

ಹಿಂದುಳಿದವರಲ್ಲಿ ಹಿಂದುಳಿದವರು

ಪ್ರಾದೇಶಿಕ ಅಸಮತೋಲನ ಕುರಿತು ಅಧ್ಯಯನ ನಡೆಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ 39ರ ಪಟ್ಟಿಯಲ್ಲಿದ್ದವು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡಿತು. ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆಯಿತು. ಇದರಿಂದ ವೈದ್ಯರು, ಎಂಜಿನಿಯರುಗಳು, ಶಿಕ್ಷಕರು ಬಂದರು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಈ ಮೀಸಲಾತಿ ಪ್ರವೇಶಿಸುವುದಿಲ್ಲ. ಪದವಿಯವರೆಗೆ ಓದಲಾಗದ ಯುವಕನಿಗೆ 371(ಜೆ) ದೂರದ ಮಾತು.

ಜಿಲ್ಲೆಗೆ ಕೈಗಾರಿಕೆ ಹೊಸದೇನೂ ಅಲ್ಲ. ಕಲಬುರಗಿಯ ಎಂಎಸ್‌ಕೆ ಮಿಲ್ ಒಂದು ಕಾಲದಲ್ಲಿ ನಗರದ ದೊಡ್ಡ ಉದ್ಯೋಗದಾತನಾಗಿತ್ತು. ಇಂದು ಅದು ಬಡಾವಣೆಯೊಂದರ ಹೆಸರಾಗಿ ಉಳಿದಿದೆ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯ ಚಿಮಣಿಯೂ ತಣ್ಣಗಾಯಿತು. ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಸುಣ್ಣದ ಕಲ್ಲನ್ನು ನೆಚ್ಚಿ ಬಂದ ಆಧುನಿಕ ಸಿಮೆಂಟ್ ಘಟಕಗಳು ಇಂದಿಗೂ ನಡೆಯುತ್ತಿವೆ. ಆದರೆ ಇವು ಕಡಿಮೆ ಜನರಿಂದ ನಡೆಯುವ ಸ್ವಯಂಚಾಲಿತ ಘಟಕಗಳು. ಕಿಲ್ನ್ ನಿಯಂತ್ರಿಸುವ ಕೊಠಡಿಯಲ್ಲಿ ಪರದೆಯ ಮುಂದೆ ಕೂರುವವರು ಕೆಲವರೇ. ಅವರಿಗೆ ಎಂಜಿನಿಯರಿಂಗ್ ಶಿಕ್ಷಣ ಬೇಕು. ಹಳ್ಳಿಯ ಯುವಕರಿಗೆ ಉಳಿಯುವುದು ಗುತ್ತಿಗೆದಾರನ ಮೂಲಕ ದೊರೆಯುವ ಲೋಡಿಂಗ್, ಸ್ವಚ್ಛತೆ, ಕಾವಲು ಕೆಲಸಗಳು.

ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಈ ಸಿಮೆಂಟ್ ಭಾಗ್ಯವೂ ಇರಲಿಲ್ಲ. ಇಲ್ಲಿನದು ತೊಗರಿ, ಹತ್ತಿ, ಕಬ್ಬಿನ ಭೂಮಿ. ಮೂರೂ ತಾಲ್ಲೂಕು ಕೇಂದ್ರಗಳಿಗೆ ಇಂದಿಗೂ ರೈಲು ಸಂಪರ್ಕವಿಲ್ಲ. ಜೇವರ್ಗಿಯಲ್ಲಿ ಆಹಾರ ಸಂಸ್ಕರಣಾ ಪಾರ್ಕ್ ಸ್ಥಾಪಿಸುವ ಯೋಜನೆ ರೂಪುಗೊಂಡು ವರ್ಷಗಳೇ ಕಳೆದರೂ ಜನ ನಿರೀಕ್ಷಿಸಿದ್ದ ಉದ್ಯೋಗ ಅದರಿಂದ ದೊರೆಯಲಿಲ್ಲ.

ಯಂತ್ರಗಳೇನೋ ಬಂದವು

2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಅವರು ಬೆಂಗಳೂರಿನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ‘ತಂತ್ರಜ್ಞಾನ ಕೇಂದ್ರ’ಗಳಾಗಿ ಲೋಕಾರ್ಪಣೆ ಮಾಡಿದರು. ಟಾಟಾ ಟೆಕ್ನಾಲಜೀಸ್ ಮತ್ತು ಇತರ ಕಂಪನಿಗಳ ಸಹಭಾಗಿತ್ವದ ಈ ಯೋಜನೆಯ ವೆಚ್ಚ ಸುಮಾರು ₹4,600 ಕೋಟಿ. ಸುಧಾರಿತ ಸಿಎನ್‌ಸಿ ಯಂತ್ರ ನಿರ್ವಹಣೆ, ಕೈಗಾರಿಕಾ ರೋಬೊಟಿಕ್ಸ್, ಉತ್ಪಾದನಾ ಪ್ರಕ್ರಿಯೆಯ ಸ್ವಯಂಚಾಲನೆ, ವಿದ್ಯುತ್ ಚಾಲಿತ ವಾಹನಗಳ ಮೆಕ್ಯಾನಿಕ್ ಮುಂತಾದ ಹೊಸ ಕೋರ್ಸ್‌ಗಳು ಆರಂಭವಾದವು.

ವಿಭಾಗೀಯ ಕೇಂದ್ರವಾದ ಕಲಬುರಗಿಯಲ್ಲಿ ಇವಲ್ಲದೆ ಇನ್ನೂ ಎರಡು ಗಮನಾರ್ಹ ಸಂಸ್ಥೆಗಳಿವೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇಲ್ಲಿಯೂ ಶಾಖೆ ಹೊಂದಿದೆ. ಟೂಲ್ ಅಂಡ್ ಡೈ ತಯಾರಿಕೆಯ ಇದರ ಡಿಪ್ಲೊಮಾಕ್ಕೆ ಉದ್ಯಮಗಳಲ್ಲಿ ಒಳ್ಳೆಯ ಹೆಸರಿದೆ. ಜರ್ಮನಿಯ ಸಹಯೋಗದಲ್ಲಿ ಸ್ಥಾಪನೆಯಾದ ಕರ್ನಾಟಕ ಜರ್ಮನ್ ತಾಂತ್ರಿಕ ತರಬೇತಿ ಸಂಸ್ಥೆಗೆ ಆರಂಭದಲ್ಲಿ ಆಯ್ಕೆಯಾದ ಎರಡು ನಗರಗಳಲ್ಲಿ ಬೆಂಗಳೂರಿನೊಡನೆ ಕಲಬುರಗಿಯೂ ಒಂದು.

ಹೀಗಾಗಿ ‘ಇಲ್ಲಿ ಏನೂ ಇಲ್ಲ’ ಎಂಬ ಹಳೆಯ ದೂರು ಈಗ ಪೂರ್ಣ ಸತ್ಯವಲ್ಲ. ಇರುವುದು ಯಾರಿಗೆ ದಕ್ಕುತ್ತಿದೆ ಎಂಬುದೇ ಈಗಿನ ಪ್ರಶ್ನೆ.

ಹತ್ತನೇ ತರಗತಿ ಎಂಬ ಹೊಸ್ತಿಲು

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43. ರಾಜ್ಯದಲ್ಲಿಯೇ ಕೊನೆಯ ಸ್ಥಾನ. ಮೊದಲ ಸ್ಥಾನದಲ್ಲಿದ್ದ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12. ಅಂದರೆ ಕಲಬುರಗಿಯಲ್ಲಿ ಪರೀಕ್ಷೆಗೆ ಕುಳಿತ ಪ್ರತಿ ನೂರು ಮಕ್ಕಳಲ್ಲಿ ಸುಮಾರು 57 ಮಂದಿ ಮೊದಲ ಯತ್ನದಲ್ಲಿ ತೇರ್ಗಡೆಯಾಗಲಿಲ್ಲ. ಪರೀಕ್ಷೆ–2 ಮತ್ತು 3ರ ಅವಕಾಶವಿದೆ, ನಿಜ. ಆದರೆ ಅಷ್ಟರೊಳಗೆ ಗುಳೆ ಹೊರಟ ಕುಟುಂಬದ ಹುಡುಗ ಮತ್ತೆ ಪುಸ್ತಕ ಹಿಡಿಯುವುದು ಸುಲಭವಲ್ಲ.

ಸಿಎನ್‌ಸಿ, ರೋಬೊಟಿಕ್ಸ್, ಫಿಟ್ಟರ್, ಎಲೆಕ್ಟ್ರೀಷಿಯನ್, ಜಿಟಿಟಿಸಿಯ ಡಿಪ್ಲೊಮಾ, ಇವೆಲ್ಲಕ್ಕೂ ಎಸ್ಸೆಸ್ಸೆಲ್ಸಿ ತೇರ್ಗಡೆಯೇ ಕನಿಷ್ಠ ಅರ್ಹತೆ. ವೆಲ್ಡರ್, ವೈರ್‌ಮನ್‌ನಂತಹ ಕೆಲವೇ ವೃತ್ತಿಗಳಿಗೆ ಎಂಟನೇ ತರಗತಿ ಸಾಕು. ಹಾಗಾಗಿ ಯಾರ ನಿರುದ್ಯೋಗದ ಬಗ್ಗೆ ಅತಿ ಹೆಚ್ಚು ಭಾಷಣಗಳಾಗುತ್ತವೆಯೋ ಅವರು ಹೊಸ ಪ್ರಯೋಗಶಾಲೆಗಳ ಹೊಸ್ತಿಲನ್ನೇ ತುಳಿಯಲಾರರು. ನಿರುದ್ಯೋಗಿಗಳಿಗೆ ಭತ್ಯೆ ನೀಡುವ ರಾಜ್ಯ ಸರ್ಕಾರದ ‘ಯುವನಿಧಿ’ ಯೋಜನೆಗೆ 2024ರ ಜನವರಿ 12ರಂದು ಚಾಲನೆ ದೊರೆಯಿತು. ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಪಡೆದವರಿಗೆ ₹1,500. ಇದರಲ್ಲಿಯೂ ಐಟಿಐ ಮುಗಿಸಿದವರಿಗೆ, ಹತ್ತರಲ್ಲಿ ಅನುತ್ತೀರ್ಣರಾದವರಿಗೆ ಜಾಗವಿರಲಿಲ್ಲ.

ಅರ್ಹತೆಯ ನಿಯಮ ಸಡಿಲಿಸಿದರೆ ಸಾಕೇ? ಅಷ್ಟರಿಂದಲೇ ಪ್ರಯೋಜನವಾಗದು. ಹಳೆಯ ಲೇತ್ ಯಂತ್ರದಲ್ಲಿ ಟರ್ನರ್ ತನ್ನ ಕೈಚಳಕದಿಂದ ಅಳತೆ ಸಾಧಿಸುತ್ತಿದ್ದ. ಸಿಎನ್‌ಸಿ ಯಂತ್ರದಲ್ಲಿ ಆ ಕೆಲಸವನ್ನು ಪ್ರೋಗ್ರಾಂ ಮಾಡುತ್ತದೆ. ಆಪರೇಟರ್ ನಕ್ಷೆಯನ್ನು ಓದಬೇಕು, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ವ್ಯತ್ಯಾಸವನ್ನು ಮೈಕ್ರೊಮೀಟರಿನಲ್ಲಿ ಅಳೆಯಬೇಕು, ಅದನ್ನು ದಾಖಲಿಸಬೇಕು, ಅಳತೆ ತಪ್ಪುತ್ತಿದ್ದರೆ ತಿದ್ದುಪಡಿಯ ಅಂಕಿಯನ್ನು ಯಂತ್ರಕ್ಕೆ ಉಣಿಸಬೇಕು. ಇದಕ್ಕೆ ಬೇಕಾದುದು ಉನ್ನತ ಗಣಿತವಲ್ಲ. ದಶಮಾಂಶ, ಕೂಡುವುದು–ಕಳೆಯುವುದು, ನಾಲ್ಕು ಸಾಲಿನ ಸೂಚನೆಯನ್ನು ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ. ಶಾಲೆ ಕಲಿಸಬೇಕಿದ್ದುದು ಇದನ್ನೇ. ಅದನ್ನು ಕಲಿಸದೆ ರೋಬೊ ಮುಂದೆ ನಿಲ್ಲಿಸಿದರೆ ಯುವಕನಿಗೂ ಅವಮಾನ, ಯಂತ್ರಕ್ಕೂ ಅಪಾಯ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಶಾಲೆಗಳಿಗೆ ಹಣ ಒದಗಿಸಿದ್ದು ಸ್ವಾಗತಾರ್ಹ. ಆದರೆ ಅದರ ಫಲ ಕಾಣಲು ವರ್ಷಗಳು ಬೇಕು. ಈಗಾಗಲೇ ಶಾಲೆ ಬಿಟ್ಟು ಹದಿನೆಂಟರಿಂದ ಮೂವತ್ತರ ವಯಸ್ಸಿನಲ್ಲಿರುವವರ ಕಥೆಯೇನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಪ್ರಮಾಣಪತ್ರದ ಆಚೆಗೆ

ಅಲ್ಪಾವಧಿ ತರಬೇತಿ ಯೋಜನೆಗಳು ಈ ವರ್ಗಕ್ಕಾಗಿಯೇ ಬಂದವು. ಗ್ರಾಮೀಣ ಯುವಜನರಿಗಾಗಿ 2014ರಲ್ಲಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2015ರಲ್ಲಿ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆ, 2017ರಲ್ಲಿ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ ಆರಂಭವಾದವು. ಸಂಖ್ಯೆಯ ದೃಷ್ಟಿಯಿಂದ ಇವುಗಳ ಸಾಧನೆ ಸಣ್ಣದಲ್ಲ. ಆದರೆ ಪ್ರಧಾನ ಮಂತ್ರಿ ಯೋಜನೆಯ ಮೊದಲ ಮೂರು ಹಂತಗಳಲ್ಲಿ ಅಲ್ಪಾವಧಿ ತರಬೇತಿಯ ಪ್ರಮಾಣಪತ್ರ ಪಡೆದವರ ಪೈಕಿ ಕೆಲಸ ದೊರೆತದ್ದು ಅರ್ಧಕ್ಕಿಂತ ಕಡಿಮೆ ಜನರಿಗೆ ಎಂಬುದನ್ನು ಸರ್ಕಾರದ ಅಂಕಿಅಂಶಗಳೇ ತೋರಿಸಿವೆ. ದೊರೆತ ಕೆಲಸದಲ್ಲಿ ಎಷ್ಟು ಮಂದಿ ಒಂದು ವರ್ಷ ಉಳಿದರು ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ.

ಉಳಿಯದಿರುವುದಕ್ಕೆ ಕಾರಣಗಳಿವೆ. ರಾಜ್ಯದ ಆಧುನಿಕ ಉತ್ಪಾದನಾ ಘಟಕಗಳು ಬಹುಪಾಲು ಬೆಂಗಳೂರು ಸುತ್ತಮುತ್ತ ಕೇಂದ್ರೀಕೃತವಾಗಿವೆ. ಆಳಂದದಿಂದ ಅದು ಸುಮಾರು 600 ಕಿ.ಮೀ. ದೂರ. ಬಿಡದಿ, ನರಸಾಪುರ, ದೇವನಹಳ್ಳಿಗಳಲ್ಲಿ ಆರಂಭದ ಸಂಬಳದಿಂದ ಕೊಠಡಿ ಬಾಡಿಗೆ, ಊಟ, ಪ್ರಯಾಣದ ಖರ್ಚು ಕಳೆದರೆ ಮನೆಗೆ ಕಳುಹಿಸಲು ಉಳಿಯುವುದು ಅಲ್ಪ. ಪುಣೆಯ ಕಟ್ಟಡ ಕೆಲಸದಲ್ಲಿ ಗಂಡ–ಹೆಂಡತಿ ಇಬ್ಬರೂ ದುಡಿದು, ಅಲ್ಲಿಯೇ ಶೆಡ್ಡಿನಲ್ಲಿ ಇದ್ದು ಉಳಿಸುವ ಮೊತ್ತ ಅದಕ್ಕಿಂತ ಹೆಚ್ಚಾಗಬಹುದು. ಕಾರ್ಖಾನೆಯ ಕೆಲಸ ಗೌರವದ್ದೇ ಆದರೂ ಲೆಕ್ಕ ಹಾಕುವ ಕುಟುಂಬ ಗುಳೆಯನ್ನೇ ಆರಿಸಿಕೊಂಡರೆ ಅದನ್ನು ಅಜ್ಞಾನ ಎನ್ನಲಾಗದು.

ಗುತ್ತಿಗೆ ನೇಮಕಾತಿ ಇನ್ನೊಂದು ಅಡ್ಡಿ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆ ನರಸಾಪುರದ ವಿಸ್ಟ್ರಾನ್ ಐಫೋನ್ ಘಟಕದಲ್ಲಿ ವೇತನ ವಿಳಂಬದ ವಿರುದ್ಧ ಕಾರ್ಮಿಕರ ಆಕ್ರೋಶ ಸ್ಫೋಟಿಸಿತು. ಅಲ್ಲಿದ್ದವರಲ್ಲಿ ಬಹುತೇಕರು ಗುತ್ತಿಗೆ ಏಜೆನ್ಸಿಗಳ ಮೂಲಕ ನೇಮಕಗೊಂಡಿದ್ದರು. ಅತ್ಯಾಧುನಿಕ ಉತ್ಪನ್ನ ತಯಾರಿಸುವ ಕಾರ್ಖಾನೆಯಲ್ಲಿಯೂ ವೇತನದ ಭದ್ರತೆ ತಾನಾಗಿ ಬರುವುದಿಲ್ಲ ಎಂಬುದನ್ನು ಆ ಘಟನೆ ತೋರಿಸಿತು. ತರಬೇತಿ ಪಡೆದವನಿಗೂ ಪಡೆಯದವನಿಗೂ ಒಂದೇ ಗುತ್ತಿಗೆ ಕೂಲಿ ಸಿಗುವುದಾದರೆ ಎರಡು ವರ್ಷ ಐಟಿಐನಲ್ಲಿ ಏಕೆ ಕೂರಬೇಕು?

ಬಿಡದಿಯಲ್ಲಿ ಟೊಯೊಟಾ ಕಂಪನಿ 2007ರಲ್ಲಿ ಆರಂಭಿಸಿದ ತಾಂತ್ರಿಕ ತರಬೇತಿ ಸಂಸ್ಥೆ ಇದಕ್ಕೆ ಬೇರೆಯದೇ ಮಾದರಿ. ಗ್ರಾಮೀಣ ಭಾಗದ ಬಡ ಕುಟುಂಬಗಳ, ಹತ್ತನೇ ತರಗತಿ ಮುಗಿಸಿದ ಮಕ್ಕಳನ್ನು ಆಯ್ದು ಮೂರು ವರ್ಷ ವಸತಿ ಸಹಿತ ತರಬೇತಿ ನೀಡಲಾಗುತ್ತದೆ. ಅಲ್ಲಿ ಕಲಿಸುವವರಿಗೆ ಯಾವ ಕೆಲಸಕ್ಕಾಗಿ ಕಲಿಸುತ್ತಿದ್ದೇವೆ ಎಂಬುದು ಮೊದಲ ದಿನದಿಂದಲೇ ಗೊತ್ತಿರುತ್ತದೆ. ಸೀಟುಗಳು ಕಡಿಮೆ; ಒಂದು ಕಂಪನಿಯ ಪ್ರಯತ್ನದಿಂದ ಒಂದು ಪ್ರದೇಶದ ನಿರುದ್ಯೋಗ ನೀಗದು. ಆದರೆ ತರಬೇತಿ ಮತ್ತು ಉದ್ಯೋಗ ಒಂದೇ ಸರಪಳಿಯ ಕೊಂಡಿಗಳಾಗಿರಬೇಕೆಂಬ ಪಾಠ ಅಲ್ಲಿದೆ.

ಕಣ್ಣೆದುರಿನ ಕಾರ್ಖಾನೆ

ಆ ಕೊಂಡಿಯನ್ನು ಈ ಮೂರು ತಾಲ್ಲೂಕುಗಳಲ್ಲಿಯೇ ಬೆಸೆಯಲು ಸಾಧ್ಯವಿದೆ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ, ಅವಿಭಜಿತ ಜೇವರ್ಗಿ ತಾಲ್ಲೂಕಿನ ಮಳ್ಳಿ, ಈ ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಇಂದಿನ ಸಕ್ಕರೆ ಕಾರ್ಖಾನೆಯೆಂದರೆ ಬರೀ ಕಬ್ಬಿನ ಗಾಣವಲ್ಲ. ಸಿಪ್ಪೆಯನ್ನು ಉರಿಸಿ ಅಧಿಕ ಒತ್ತಡದ ಬಾಯ್ಲರಿನಲ್ಲಿ ಉಗಿ ಉತ್ಪಾದಿಸಿ, ಅದರಿಂದ ಟರ್ಬೈನ್ ತಿರುಗಿಸಿ ವಿದ್ಯುತ್ ತಯಾರಿಸುವುದು, ಕಾಕಂಬಿ ಇಲ್ಲವೇ ಕಬ್ಬಿನ ರಸದಿಂದ ಎಥೆನಾಲ್ ತೆಗೆಯುವುದು ಈ ಉದ್ಯಮದ ಸಾಮಾನ್ಯ ಸ್ವರೂಪವಾಗಿದೆ. ಫಿಟ್ಟರ್, ವೆಲ್ಡರ್, ಬಾಯ್ಲರ್ ಅಟೆಂಡೆಂಟ್, ಎಲೆಕ್ಟ್ರೀಷಿಯನ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಪ್ಯಾನ್‌ಮನ್, ಪ್ರಯೋಗಾಲಯ ಸಹಾಯಕ, ಇವೆಲ್ಲವೂ ಕುಶಲ ಹುದ್ದೆಗಳು.

ಸಕ್ಕರೆ ಉದ್ಯಮಕ್ಕೆ ಬೇಕಾದ ವಿಶೇಷ ಶಿಕ್ಷಣ ನೀಡುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವುದು ಬೆಳಗಾವಿಯಲ್ಲಿ. ಇಲ್ಲಿನ ಐಟಿಐಗಳ ಪಠ್ಯಕ್ರಮಕ್ಕೂ ಹತ್ತಿರದ ಕಾರ್ಖಾನೆಯ ಅಗತ್ಯಕ್ಕೂ ಸಂಬಂಧ ಬೆಳೆಯದಿದ್ದರೆ ಹೊಗೆ ಕುಡಿಯುವವರು ಈ ಊರಿನವರು, ಸಂಬಳ ಎಣಿಸುವವರು ಪರ ಊರಿನವರು ಎಂಬಂತಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಬ್ಬು ಅರೆಯುವ ಹಂಗಾಮು ಚಳಿಗಾಲದ್ದು. ಅದು ಮುಗಿದ ಮೇಲೆ ಬೇಸಿಗೆ, ಮಳೆಗಾಲದಲ್ಲಿ ಯಂತ್ರಗಳನ್ನು ಬಿಚ್ಚಿ ದುರಸ್ತಿ ಮಾಡಲಾಗುತ್ತದೆ. ರೋಲರ್, ಪಂಪ್, ಗೇರ್‌ಬಾಕ್ಸ್, ವಾಲ್ವ್‌ಗಳೆಲ್ಲ ತೆರೆದ ಸ್ಥಿತಿಯಲ್ಲಿರುವ ಆ ತಿಂಗಳುಗಳಿಗಿಂತ ಒಳ್ಳೆಯ ಪಾಠಶಾಲೆ ಫಿಟ್ಟರಿಗೆ ಇನ್ನೊಂದಿಲ್ಲ. ಹೊಲದಲ್ಲಿ ಕೆಲಸವಿಲ್ಲದೆ ಜನ ಊರು ಬಿಡುವ ದಿನಗಳೂ ಅವೇ. ಆ ಅವಧಿಯಲ್ಲಿ ಶಿಷ್ಯವೇತನ ನೀಡಿ ಸ್ಥಳೀಯ ಯುವಕರನ್ನು ಅಪ್ರೆಂಟಿಸ್‌ಗಳಾಗಿ ತೆಗೆದುಕೊಂಡರೆ ಕಾರ್ಖಾನೆಗೂ ಲಾಭ, ಊರಿಗೂ ಲಾಭ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿ ಬಲದ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆ ಸಿಬ್ಬಂದಿಯೂ ಈ ಲೆಕ್ಕಕ್ಕೆ ಸೇರುತ್ತಾರೆ. ಜಿಲ್ಲೆಯ ಸಿಮೆಂಟ್, ಸಕ್ಕರೆ ಕಾರ್ಖಾನೆಗಳು ಎಷ್ಟು ಮಂದಿಯನ್ನು ತೆಗೆದುಕೊಂಡಿವೆ, ಅವರಲ್ಲಿ ಈ ಮೂರು ತಾಲ್ಲೂಕಿನವರೆಷ್ಟು ಎಂಬ ಪಟ್ಟಿಯನ್ನು ಪ್ರತಿ ವರ್ಷ ಬಹಿರಂಗಪಡಿಸಲು ಜಿಲ್ಲಾಡಳಿತಕ್ಕೆ ಅಡ್ಡಿಯೇನಿದೆ?

ಜವಳಿ ಪಾರ್ಕಿನ ಭರವಸೆ

ಕೇಂದ್ರ ಸರ್ಕಾರವು 2023ರ ಮಾರ್ಚ್‌ನಲ್ಲಿ ದೇಶದ ಏಳು ಪಿಎಂ ಮಿತ್ರ ಜವಳಿ ಪಾರ್ಕ್‌ಗಳನ್ನು ಘೋಷಿಸಿತು. ಕರ್ನಾಟಕದ ಪಾಲಿನದು ಕಲಬುರಗಿಗೆ ಬಂದಿತು. ಹೊನ್ನಕಿರಣಗಿ, ಫಿರೋಜಾಬಾದ್ ಭಾಗದ ಸುಮಾರು 1,000 ಎಕರೆ ಜಮೀನು ಇದಕ್ಕೆ ಗೊತ್ತಾಗಿದೆ. ಇದು ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಿಕ್ಕಿನಲ್ಲಿದೆ. ಒಂದೊಂದು ಪಾರ್ಕಿನಿಂದ 1 ಲಕ್ಷ ನೇರ, 2 ಲಕ್ಷ ಪರೋಕ್ಷ ಉದ್ಯೋಗ ಎಂಬುದು ಕೇಂದ್ರದ ಅಂದಾಜು. ಇದರ ನಾಲ್ಕನೇ ಒಂದು ಭಾಗ ನಿಜವಾದರೂ ಈ ಭಾಗದ ಚಿತ್ರ ಬದಲಾಗಬಹುದು.

ಆದರೆ ಆ ಉದ್ಯೋಗಗಳು ಯಾರ ಪಾಲಾಗುತ್ತವೆ ಎಂಬುದು ಕಾರ್ಖಾನೆ ಆರಂಭವಾಗುವ ದಿನದಂದು ತೀರ್ಮಾನವಾಗುವ ವಿಷಯವಲ್ಲ, ಅದಕ್ಕಿಂತ ಎರಡು ವರ್ಷ ಮೊದಲೇ ತೀರ್ಮಾನವಾಗುತ್ತದೆ. ನೂಲುವ, ನೇಯುವ ಘಟಕಗಳಿಗೆ ಯಂತ್ರ ಬಲ್ಲವರು ಬೇಕು. ಸಿದ್ಧ ಉಡುಪು ಘಟಕಗಳಿಗೆ ಹೊಲಿಗೆ ಯಂತ್ರ ನಡೆಸುವವರು ಬೇಕು. ಇದಕ್ಕೆ ಹೆಚ್ಚಿನ ಶಾಲಾ ಶಿಕ್ಷಣ ಬೇಡ, ಕೆಲವು ತಿಂಗಳ ಗಂಭೀರ ತರಬೇತಿ ಸಾಕು. ಗುಳೆಯ ಭಾರವನ್ನು ಹೆಚ್ಚು ಹೊರುವ ಮಹಿಳೆಯರಿಗೆ ಇದು ನಿಜವಾದ ಅವಕಾಶ. 2023ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆ ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರ ಪ್ರಯಾಣವನ್ನು ಉಚಿತಗೊಳಿಸಿದ್ದರಿಂದ ತಾಲ್ಲೂಕು ಕೇಂದ್ರಕ್ಕೆ ಬಂದು ಕಲಿಯುವ ಖರ್ಚೂ ಇಳಿದಿದೆ. ಪಾಳಿಗೆ ಹೊಂದುವ ಬಸ್ ಮಾತ್ರ ಬೇಕು.

ಎಚ್ಚರಿಕೆಯೂ ಅಗತ್ಯ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ನಿಯಮ ಬದಲಾವಣೆಯ ವಿರುದ್ಧ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಕೇಂದ್ರವೇ ಹಿಂದೆ ಸರಿಯುವಂತೆ ಮಾಡಿದ್ದರು. ಆ ಕೆಲಸದಲ್ಲಿ ಭವಿಷ್ಯನಿಧಿಯೊಂದೇ ಉಳಿತಾಯ ಎನ್ನುವಷ್ಟು ವೇತನ ಕಡಿಮೆ ಎಂಬುದು ಆ ಹೋರಾಟದ ಹಿಂದಿನ ಸತ್ಯ. ಕಡಿಮೆ ಕೂಲಿಯನ್ನೇ ಆಕರ್ಷಣೆಯಾಗಿಟ್ಟು ಬಂಡವಾಳ ಕರೆದರೆ ಬಂದ ಕಾರ್ಖಾನೆ ಗುಳೆಯನ್ನು ತಡೆಯದು.

‘ಸ್ಥಳೀಯರಿಗೆ ಉದ್ಯೋಗ’ ಎಂಬ ಷರತ್ತು ರಾಜ್ಯದ ಕೈಗಾರಿಕಾ ನೀತಿಗಳಲ್ಲಿ ಬಹುಕಾಲದಿಂದ ಇದೆ. 2024ರ ಜುಲೈನಲ್ಲಿ ಖಾಸಗಿ ವಲಯದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ಸಂಪುಟ ಒಪ್ಪಿಗೆ ನೀಡಿ, ಉದ್ಯಮಿಗಳ ವಿರೋಧದ ನಂತರ ಅದನ್ನು ತಡೆಹಿಡಿಯಲಾಯಿತು. ಕಾನೂನು ಬಂದರೂ ಕುಶಲರಿಲ್ಲದ ಕಡೆ ಷರತ್ತು ಪೂರೈಸುವ ಸುಲಭ ದಾರಿ ಎಲ್ಲರಿಗೂ ಗೊತ್ತು: ಕಾವಲುಗಾರ, ಕಸಗುಡಿಸುವವ, ಹಮಾಲಿ ಸ್ಥಳೀಯರು, ಯಂತ್ರದ ಮುಂದೆ ನಿಲ್ಲುವವರು ಹೊರಗಿನವರು. ಸಿಮೆಂಟ್ ಬೆಲ್ಟಿನ ಅನುಭವ ಜವಳಿ ಪಾರ್ಕಿನಲ್ಲಿ ಮರುಕಳಿಸಬಾರದು.

ಈಗ ಆಗಬೇಕಾದುದು

ರಾಜಕೀಯವಾಗಿ ಇಂತಹ ಅನುಕೂಲದ ಕಾಲ ಈ ಜಿಲ್ಲೆಗೆ ಅಪರೂಪ. 2023ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರದಲ್ಲಿ ಕೌಶಲಾಭಿವೃದ್ಧಿ ಖಾತೆ ದೊರೆತದ್ದು ಸೇಡಂ ಶಾಸಕ ಡಾ. ಶರಣಪ್ರಕಾಶ ಪಾಟೀಲ ಅವರಿಗೆ. ಅದೇ ವರ್ಷ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಾದವರು ಜೇವರ್ಗಿ ಶಾಸಕ ಡಾ. ಅಜಯ್ ಸಿಂಗ್. ಮಂಡಳಿಗೆ ವಾರ್ಷಿಕ ₹5,000 ಕೋಟಿ ಅನುದಾನ ಘೋಷಣೆಯಾಯಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರವು 1,000 ಐಟಿಐಗಳನ್ನು ಮೇಲ್ದರ್ಜೆಗೇರಿಸುವ ₹60,000 ಕೋಟಿಯ ‘ಪಿಎಂ ಸೇತು’ ಯೋಜನೆಗೆ ಚಾಲನೆ ನೀಡಿದೆ. ಹಣದ ಕೊರತೆ ಇಲ್ಲಿ ನೆಪವಾಗಲಾರದು.

ಮೊದಲನೆಯದಾಗಿ, ಹತ್ತನೇ ತರಗತಿಯಲ್ಲಿ ಅನುತ್ತೀರ್ಣರಾದವರಿಗೆ ತಾಲ್ಲೂಕು ಮಟ್ಟದಲ್ಲಿ ಆರು ತಿಂಗಳ ಸೇತುಬಂಧ ತರಗತಿ ಬೇಕು. ಅಳತೆ, ದಶಮಾಂಶ, ನಕ್ಷೆ ಓದುವುದು, ಸುರಕ್ಷತೆಯನ್ನು ಕನ್ನಡದಲ್ಲಿಯೇ ಕಲಿಸಿ, ಜೊತೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೂ ಬರೆಸಬೇಕು. ಎರಡನೆಯದಾಗಿ, ಕಲಿಯುವ ಅವಧಿಯಲ್ಲಿ ಕೂಲಿಯ ನಷ್ಟವನ್ನು ಭಾಗಶಃವಾದರೂ ತುಂಬುವ ಶಿಷ್ಯವೇತನ ಮತ್ತು ಹಾಸ್ಟೆಲ್ ಸೌಲಭ್ಯ ದೊರೆಯಬೇಕು. ಮೂರನೆಯದಾಗಿ, ಗುಳೆ ಹೋದಲ್ಲಿ ವೆಲ್ಡಿಂಗ್, ಕಂಬಿ ಕಟ್ಟುವುದು, ವೈರಿಂಗ್ ಕಲಿತು ಮರಳಿದವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡಬೇಕು. ‘ಪೂರ್ವ ಕಲಿಕೆಗೆ ಮಾನ್ಯತೆ’ ಎಂಬ ಅವಕಾಶ ಕೇಂದ್ರದ ಯೋಜನೆಯಲ್ಲಿಯೇ ಇದೆ. ನಾಲ್ಕನೆಯದಾಗಿ, ಜವಳಿ ಪಾರ್ಕಿನಲ್ಲಿ ಜಮೀನು ಪಡೆಯುವ ಕಂಪನಿಗಳು ಎಷ್ಟು ಮಂದಿಯನ್ನು, ಯಾವ ಕುಶಲ ಹುದ್ದೆಗೆ, ಯಾವ ವೇತನಕ್ಕೆ ತೆಗೆದುಕೊಳ್ಳುತ್ತವೆ ಎಂಬುದನ್ನು ಹಂಚಿಕೆಯ ಕರಾರಿನಲ್ಲಿಯೇ ಬರೆಸಿಕೊಂಡು, ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಐಟಿಐಗಳು ಸೀಟು ನಿಗದಿಪಡಿಸಬೇಕು.

ತರಬೇತಿ ಪಡೆದವರ ಸಂಖ್ಯೆಯನ್ನು ಎಣಿಸುವ ಅಭ್ಯಾಸವೂ ಬದಲಾಗಬೇಕು. ಒಂದು ವರ್ಷದ ನಂತರ ಎಷ್ಟು ಮಂದಿ ಕೆಲಸದಲ್ಲಿದ್ದಾರೆ, ಅವರಲ್ಲಿ ಎಷ್ಟು ಮಂದಿ ರಾತ್ರಿ ತಮ್ಮ ಮನೆಯಲ್ಲಿಯೇ ಮಲಗುತ್ತಾರೆ ಎಂಬುದನ್ನು ಎಣಿಸಿದರೆ ಯೋಜನೆಯ ಯಶಸ್ಸು ತಾನಾಗಿಯೇ ತಿಳಿಯುತ್ತದೆ. ಪಾರ್ಕಿನ ಮೊದಲ ಯಂತ್ರ ತಿರುಗುವ ಮುನ್ನ ಈ ಕೆಲಸ ಆರಂಭವಾಗದಿದ್ದರೆ, ಹೊನ್ನಕಿರಣಗಿಯ ಕಾರ್ಖಾನೆಗಳಿಗೆ ಹೊರ ರಾಜ್ಯಗಳ ಕುಶಲ ಕಾರ್ಮಿಕರನ್ನು ಹೊತ್ತ ಬಸ್ಸುಗಳು ಬರುವ ಹೊತ್ತಿಗೆ, ಆಳಂದ, ಅಫಜಲಪುರ, ಜೇವರ್ಗಿಗಳಿಂದ ಪುಣೆಯತ್ತ ಹೊರಟ ವಾಹನಗಳು ಅವುಗಳಿಗೆ ಎದುರಾಗುತ್ತವೆ.